ಸಫೊಕ್ ಕಡಲತೀರ: ಕಾರಿಲ್ಲದೆ ಒಂದೇ ದಿನದಲ್ಲಿ ಎಷ್ಟು ಊರು ನೋಡಬಹುದು?

ಪ್ರಶ್ನೆ

ಎರಡು ವರ್ಷಗಳಿಂದ ಲಂಡನ್ನಿನಲ್ಲಿ ವಾಸವಾಗಿದ್ದೇವೆ. ಮುಂಚಿತವಾಗಿ ಏನನ್ನೂ ಗೊತ್ತುಮಾಡಿಕೊಳ್ಳದೆ, ಶನಿವಾರ ಬೆಳಿಗ್ಗೆ ಎದ್ದು ಆಕಾಶ ನೋಡಿ, ಮನಸ್ಸಾದರೆ ಕಡಲ ಕಡೆಗೆ ಹೊರಟುಬಿಡಬೇಕೆಂಬ ಆಸೆ ಬಹಳ ದಿನದ್ದು. ಬ್ರೈಟನ್ನಿನ ಜನಜಂಗುಳಿ ಬೇಡ. ಇಂಗ್ಲೆಂಡಿನ ಪೂರ್ವ ತೀರದ ಸಫೊಕ್‌ನಲ್ಲಿರುವ ಆಲ್ಡ್‌ಬರೊ, ಸೌತ್‌ವೋಲ್ಡ್, ಡನಿಚ್ ಈ ಮೂರನ್ನೂ ಒಂದೇ ದಿನದಲ್ಲಿ ನೋಡಿ ರಾತ್ರಿ ಮನೆ ಸೇರಲು ಸಾಧ್ಯವೇ?

ಉತ್ತರ 1

ಕಾರಿಲ್ಲದೆ ಮೂರೂ ಆಗುವುದಿಲ್ಲ. ಸೌತ್‌ವೋಲ್ಡ್‌ನ ರೈಲು 1929ರಲ್ಲಿ, ಆಲ್ಡ್‌ಬರೊದ್ದು 1966ರಲ್ಲಿ ನಿಂತುಹೋದವು. ಈ ಊರುಗಳು ಇಷ್ಟು ಶಾಂತವಾಗಿ ಉಳಿದಿರುವುದಕ್ಕೆ ಅದೂ ಒಂದು ಕಾರಣವೆಂದು ನನಗನ್ನಿಸುತ್ತದೆ. ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಿಂದ ಇಪ್ಸ್‌ವಿಚ್‌ಗೆ ಬಂದು, ಲೋಸ್ಟಾಫ್ಟ್ ಕಡೆಯ ರೈಲು ಹತ್ತಿ ಸ್ಯಾಕ್ಸ್‌ಮಂಡಮ್‌ನಲ್ಲಿ ಇಳಿದು, ಅಲ್ಲಿಂದ ಆಲ್ಡ್‌ಬರೊಗೆ ಬಸ್ಸಿನಲ್ಲಿ ಹೋಗಬೇಕು.

ಆಲ್ಡ್‌ಬರೊದಿಂದ ಥಾರ್ಪ್‌ನೆಸ್‌ಗೆ ಕಡಲಂಚಿನಲ್ಲೇ ಸುಮಾರು ಮೂರು ಕಿಲೋಮೀಟರ್ ನಡೆಯಿರಿ, ಆ ದಿನಕ್ಕೆ ಅಷ್ಟು ಸಾಕು. ಅಲ್ಲಿ ಮರಳಿಲ್ಲ, ಎಲ್ಲವೂ ನುಣುಪಾದ ಬೆಣಚುಕಲ್ಲು. ಅಲೆ ಹಿಂದೆ ಸರಿಯುವಾಗ ಅವು ಒಂದರ ಮೇಲೊಂದು ಉರುಳಿ, ಮೊರದಲ್ಲಿ ಕಾಳು ಕೇರಿದಂಥ ಸದ್ದು ಮಾಡುತ್ತವೆ. ಆ ಸದ್ದಿಗಾಗಿಯೇ ನಾನು ಮತ್ತೆ ಮತ್ತೆ ಹೋಗಿದ್ದೇನೆ. ದಾರಿಯಲ್ಲಿ ಸಂಗೀತ ಸಂಯೋಜಕ ಬೆಂಜಮಿನ್ ಬ್ರಿಟನ್ನರ ನೆನಪಿಗೆ ಮ್ಯಾಗಿ ಹ್ಯಾಂಬ್ಲಿಂಗ್ 2003ರಲ್ಲಿ ನಿಲ್ಲಿಸಿದ ಉಕ್ಕಿನ ದೊಡ್ಡ ಚಿಪ್ಪು ಸಿಗುತ್ತದೆ. ಥಾರ್ಪ್‌ನೆಸ್‌ನಲ್ಲಿ ಮರಗಳ ಮೇಲೆ ತೇಲುವಂತೆ ಕಾಣುವ ಮನೆ, 1923ರಲ್ಲಿ ನೀರಿನ ಟ್ಯಾಂಕನ್ನು ಮರೆಮಾಡಲೆಂದು ಕಟ್ಟಿದ್ದು.

ಉತ್ತರ 2

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಹೊರಡುವ ಮುನ್ನ ಮರಳುವ ದಾರಿಯನ್ನು ನಿಶ್ಚಯಿಸಿಕೊಳ್ಳಿ. ಒಂದು ನವೆಂಬರ್ ಸಂಜೆ ನಾವು ಕೊನೆಯ ಬಸ್ಸು ತಪ್ಪಿಸಿಕೊಂಡು, ಕತ್ತಲಲ್ಲಿ ಟ್ಯಾಕ್ಸಿಗಾಗಿ ಒಂದು ಗಂಟೆಗೂ ಹೆಚ್ಚು ಹೊತ್ತು ಚಳಿಯಲ್ಲಿ ನಿಂತಿದ್ದೆವು. ಮಗುವಿನ ಕೈ ಮರಗಟ್ಟಿದ್ದನ್ನು ನಾನಿನ್ನೂ ಮರೆತಿಲ್ಲ. ಅಡ್ವಾನ್ಸ್ ಟಿಕೆಟ್ ಒಂದೇ ರೈಲಿಗೆ ಕಟ್ಟಿಹಾಕುವುದರಿಂದ, ಇಂಥ ದಿನಕ್ಕೆ ಆಫ್-ಪೀಕ್ ರಿಟರ್ನ್ (ದಟ್ಟಣೆಯಿಲ್ಲದ ಹೊತ್ತಿನ, ಒಂದೇ ರೈಲಿಗೆ ಕಟ್ಟುಬೀಳದ ಹೋಗಿಬರುವ ಟಿಕೆಟ್) ತೆಗೆದುಕೊಳ್ಳುವುದು ಮೇಲು.

ಡನಿಚ್‌ಗೆ ಬೇರೊಂದು ದಿನವನ್ನೇ ಇಡಿ. ಒಂದು ಕಾಲದಲ್ಲಿ ದೊಡ್ಡ ಬಂದರಾಗಿದ್ದ ಆ ಊರನ್ನು 1286ರ ಬಿರುಗಾಳಿಯಿಂದ ಮೊದಲ್ಗೊಂಡು ಕಡಲು ತುಂಡುತುಂಡಾಗಿ ನುಂಗಿತು. ಆಲ್ ಸೇಂಟ್ಸ್ ಚರ್ಚ್ 1904ರಿಂದ 1919ರ ನಡುವೆ ಬಂಡೆಯಂಚಿನಿಂದ ಭಾಗ ಭಾಗವಾಗಿ ಕೆಳಗುರುಳಿತು. ಅಂಥ ಊರನ್ನು ಅವಸರದಲ್ಲಿ ನೋಡಿ ಬರುವುದು ಸರಿಯಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಒಂದು ವಿಷಯ ಹೇಳಲು ಮರೆತಿದ್ದೆ: ಈಗ ಅಮ್ಮ ನಮ್ಮೊಂದಿಗಿದ್ದಾರೆ, ಅವರಿಗೆ ಮೊಣಕಾಲು ನೋವು. ಬೆಣಚುಕಲ್ಲಿನ ಮೇಲೆ ಮೂರು ಕಿಲೋಮೀಟರ್ ನಡೆಯುವುದು ಅವರಿಂದಾಗದು.

ಉತ್ತರ 3

ಹಾಗಾದರೆ ಈ ಸಲ ಫೆಲಿಕ್ಸ್‌ಸ್ಟೋವ್‌ಗೆ ಹೋಗಿ. ಇಪ್ಸ್‌ವಿಚ್‌ನಿಂದ ಅರ್ಧ ಗಂಟೆಯೊಳಗೆ ರೈಲು ಅಲ್ಲಿಗೆ ಮುಟ್ಟಿಸುತ್ತದೆ, ಬಸ್ಸಿನ ಗೊಡವೆಯಿಲ್ಲ. ಕಡಲ ಪಕ್ಕದ ಹಾದಿ ಸಮತಟ್ಟಾಗಿದೆ. ಒಂದು ತುದಿಯಲ್ಲಿ ಬ್ರಿಟನ್ನಿನ ಅತಿ ದೊಡ್ಡ ಕಂಟೇನರ್ ಬಂದರಿದ್ದರೂ ಉಳಿದ ತೀರ ನಿಶ್ಶಬ್ದವಾಗಿರುತ್ತದೆ. ದೂರದಲ್ಲಿ ಹಡಗುಗಳು ನಿಧಾನವಾಗಿ ಸರಿಯುವುದನ್ನು ನಮ್ಮತ್ತೆ ಒಂದು ಇಡೀ ಮಧ್ಯಾಹ್ನ ಬೆಂಚಿನ ಮೇಲೆ ಕುಳಿತು ನೋಡಿದ್ದರು. ನಿಲ್ದಾಣದಿಂದ ಕಡಲಿಗೆ ಇಳಿಜಾರಿದೆ, ಬರುವಾಗ ಅದೇ ಏರು. ಹೋಗುವಾಗ ಅಮ್ಮನವರನ್ನು ನಡೆಸಿಕೊಂಡು ಹೋದರೂ, ಮರಳುವಾಗ ಟ್ಯಾಕ್ಸಿ ಮಾಡಿ.