ಸಂಬಳದ ಸಂಗಾತಿ: ಸೇವಕಿಯೋ, ಸಮಾನಳೋ?

ಪ್ರಶ್ನೆ: 18 ಮತ್ತು 19ನೇ ಶತಮಾನದ ಇಂಗ್ಲೆಂಡಿನಲ್ಲಿ ಸಿರಿವಂತ ಮಹಿಳೆಯರು ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಿದ್ದ ಸಂಗಾತಿಯರನ್ನು ಮನೆಯ ಸೇವಕಿಯರ ಸಾಲಿಗೆ ಸೇರಿಸಬಹುದೇ?

ಉತ್ತರ 1: ಸೇರಿಸಲಾಗದು. ಆಕೆ ಸಾಮಾನ್ಯವಾಗಿ ಒಳ್ಳೆಯ ಮನೆತನದಲ್ಲಿ ಹುಟ್ಟಿ, ಆಸ್ತಿಯಿಲ್ಲದೆ, ಮದುವೆಯೂ ಆಗದೆ ಉಳಿದವಳು. ಯಜಮಾನಿಯೊಂದಿಗೇ ಊಟಕ್ಕೆ ಕೂರುವುದು, ಗಟ್ಟಿಯಾಗಿ ಓದಿ ಹೇಳುವುದು, ಇಸ್ಪೀಟಿಗೆ ಜೊತೆಯಾಗುವುದು, ಅತಿಥಿಗಳು ಬಂದಾಗ ಪಕ್ಕದಲ್ಲಿರುವುದು ಅವಳ ಕೆಲಸವಾಗಿತ್ತೇ ಹೊರತು ಅಡುಗೆ, ಕಸ ಗುಡಿಸುವುದು ಅವಳ ಪಾಲಿಗೆ ಬರುತ್ತಿರಲಿಲ್ಲ.

ಉತ್ತರ 2: ಊಟದ ಮೇಜು ಒಂದೇ ಆದರೂ ಮಾತಿನ ಸ್ವಾತಂತ್ರ್ಯ ಒಂದೇ ಆಗಿರಲಿಲ್ಲ, ನನ್ನನ್ನು ಹೆಚ್ಚು ಕಾಡುವುದು ಇದೇ. ಮಹಿಳೆಯರ ಹಕ್ಕುಗಳ ಪರ ಬರೆದ ಇಂಗ್ಲಿಷ್ ಲೇಖಕಿ ಮೇರಿ ವೋಲ್‌ಸ್ಟನ್‌ಕ್ರಾಫ್ಟ್ 1778ರಲ್ಲಿ, ಇನ್ನೂ 19ರ ಹರೆಯದಲ್ಲಿ, ಬಾತ್ ನಗರದ ವಿಧವೆಯೊಬ್ಬರಿಗೆ ಸಂಗಾತಿಯಾಗಿ ಸೇರಿದ್ದರು. ಆ ಅವಲಂಬನೆಯ ಕಹಿಯನ್ನು 1787ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು ಮುಚ್ಚಿಡಲಿಲ್ಲ.

ಉತ್ತರ 3: ಕಚೇರಿ, ಶಾಲೆ, ಆಸ್ಪತ್ರೆಗಳಲ್ಲಿ ಹೆಣ್ಣುಮಕ್ಕಳಿಗೆ ಗೌರವದ ಕೆಲಸ ಸಿಗತೊಡಗಿದ ಮೇಲೆ, 20ನೇ ಶತಮಾನದಲ್ಲಿ ಈ ಉದ್ಯೋಗ ಕ್ರಮೇಣ ಮರೆಯಾಯಿತು.