ಪೂಜೆ ಮಾಡೋವಾಗ್ಲೇ ಹೊಲಸು ಯೋಚನೆ ಬರುತ್ತೆ, ಇದು ಪಾಪಾನಾ ಕಾಯಿಲೆನಾ?

ತುಂಗೆದಡ:
ಎಲ್ಲರಿಗೂ ನಮಸ್ಕಾರ. ಮನೇಲಿ ಯಾರ ಹತ್ರನೂ ಹೇಳಿಲ್ಲ, ಇಲ್ಲಿ ಹೇಳ್ತಿದ್ದೀನಿ. ಚಿಕ್ಕೋಳಿದ್ದಾಗಿಂದ ಅಜ್ಜಿ ಪಕ್ಕ ಕೂತು ಪೂಜೆ ಮಾಡಿ ಅಭ್ಯಾಸ, ದೇವರು ಅಂದ್ರೆ ಭಯಕ್ಕಿಂತ ಸಲುಗೆನೇ ಜಾಸ್ತಿ ಇತ್ತು ನಂಗೆ. ಎರಡನೇ ಹೆರಿಗೆ ಆದ್ಮೇಲಿಂದ, ಈಗ ಒಂದೂವರೆ ವರ್ಷ ಆಯ್ತು, ಬೆಂಕಿಕಡ್ಡಿ ಗೀರಿದ ತಕ್ಷಣ ಎದುರಿಗಿರೋ ವಿಗ್ರಹದ ಬಗ್ಗೆ ಬಾಯಲ್ಲಿ ಹೇಳೋಕಾಗದಂಥ ಮಾತು ತಲೇಲಿ ಬರುತ್ತೆ. ಬಂತಾ, ದೀಪ ಶಾಂತ ಮಾಡಿ, ಕೈಕಾಲು ತೊಳೆದು, ಬತ್ತಿ ಬದಲಾಯಿಸಿ ಮತ್ತೆ ಮೊದಲಿಂದ. 108 ಜಪದಲ್ಲಿ 90ಕ್ಕೆ ಬಂದಾಗ ಬಂದ್ರೂ ಮತ್ತೆ ಒಂದರಿಂದ. ಇಪ್ಪತ್ತು ನಿಮಿಷದ ಪೂಜೆ ಎರಡೂವರೆ ಗಂಟೆ ಹಿಡೀತಿದೆ. ನಿನ್ನೆ ಮಗಳು ಡಬ್ಬಿ ಇಲ್ದೆ ಸ್ಕೂಲಿಗೆ ಹೋದ್ಲು. ಅತ್ತೆ ಪಕ್ಕದ ಮನೆಯವರ ಹತ್ರ ನಮ್ ಸೊಸೆಗೆ ಎಷ್ಟು ಭಕ್ತಿ ನೋಡಿ ಅಂತಿದ್ರು, ಅದು ಕಿವಿಗೆ ಬಿದ್ದು ಬಚ್ಚಲುಮನೆಗೆ ಹೋಗಿ ಅತ್ತುಬಿಟ್ಟೆ. ನಾನು ಒಳಗೊಳಗೇ ಕೆಟ್ಟೋಳಾ? ಡಾಕ್ಟರ್ ಹತ್ರ ಹೋದ್ರೆ ಪೂಜೆನೇ ಬಿಡು ಅಂತಾರಾ?

ಹಳೇ ಕ್ಯಾಷಿಯರ್:
ತಂಗಿ, ನೀವು ಕೆಟ್ಟೋರಲ್ಲ. ಇದಕ್ಕೆ ಗೀಳು ಕಾಯಿಲೆ ಅಂತಾರೆ, ಓಸಿಡಿ. ನಂಗೂ ಇತ್ತು, ಆದ್ರೆ ದೇವರ ವಿಷ್ಯದಲ್ಲಿ ಅಲ್ಲ. ಇನ್ನೊಬ್ರ ಒಂದು ರೂಪಾಯಿನೂ ನಮಗೆ ಬೇಡ ಅಂತ ಅಪ್ಪ ಬೆಳೆಸಿದ್ದು, ನಾನು ಸೊಸೈಟಿಲಿ ಕ್ಯಾಷಿಯರ್, ಯಾರಿಗೋ ಕಮ್ಮಿ ಕೊಟ್ಟೆನೇನೋ ಅನ್ನೋ ಅನುಮಾನಕ್ಕೆ ಲೆಕ್ಕ ಸರಿ ಇದ್ರೂ ರಾತ್ರಿ ಒಂಬತ್ತಕ್ಕೆ ಸದಸ್ಯರ ಮನೆ ಬಾಗಿಲು ತಟ್ಟಿ ನೋಟು ಎಣಿಸಿ ಅಂತ ಕೇಳ್ತಿದ್ದೆ. ಜನ ಎಂಥಾ ಪ್ರಾಮಾಣಿಕ ಅಂತಿದ್ರು, ನಂಗೆ ನಿದ್ದೆನೇ ಇರ್ಲಿಲ್ಲ. ಈ ಕಾಯಿಲೆ ನಮಗೆ ಯಾವುದು ಪ್ರಾಣವೋ ಅದನ್ನೇ ಹಿಡಿಯುತ್ತೆ. ದೇವರು ಬೇಡ ಅನ್ನೋನಿಗೆ ಈ ಮಾತು ತಲೇಲಿ ಬಂದ್ರೂ ಎದ್ದು ಹೋಗಿ ಕಾಫಿ ಕುಡೀತಾನೆ, ನಿಮಗೆ ಇಷ್ಟು ಸಂಕಟ ಆಗ್ತಿರೋದೇ ನಿಮ್ಮ ಭಕ್ತಿ ಎಲ್ಲೂ ಹೋಗಿಲ್ಲ ಅನ್ನೋದಕ್ಕೆ ಸಾಕ್ಷಿ.

ಅರಳಿಕಟ್ಟೆ:
ಇದಕ್ಕೆಲ್ಲ ಮಾತ್ರೆ ಯಾಕಮ್ಮ, ಇನ್ನೊಂದು ನಾಲ್ಕು ಸ್ತೋತ್ರ ಜಾಸ್ತಿ ಹೇಳ್ಕೊಳ್ಳಿ, ಮನಸ್ಸು ಗಟ್ಟಿ ಮಾಡ್ಕೊಳ್ಳಿ.

ವಾರ್ಡ್‌ಸಿಸ್ಟರ್:
ಅರಳಿಕಟ್ಟೆಯವರೇ, ಒಳ್ಳೇ ಮನಸ್ಸಿಂದಲೇ ಹೇಳಿದೀರಿ, ಆದ್ರೆ ಇದ್ರಲ್ಲಿ ಅದು ಉಲ್ಟಾ ಹೊಡೆಯುತ್ತೆ. ಯೋಚನೆ ಅಳಿಸೋಕೆ ಅಂತ ಒಂದು ಸ್ತೋತ್ರ ಸೇರಿಸಿದ್ರೆ ನಾಳೆ ಅದನ್ನೂ ಹತ್ತು ಸಲ ಹೇಳ್ಬೇಕಾಗುತ್ತೆ. ನಾನು ಮನೋರೋಗ ವಾರ್ಡಲ್ಲಿ ಹನ್ನೊಂದು ವರ್ಷದಿಂದ ನರ್ಸ್, ಮನಸ್ಸು ಗಟ್ಟಿ ಇಲ್ಲದೋರು ಅನ್ನೋ ಮಾತು ಕೇಳಿ ಕೇಳಿ ವರ್ಷಗಟ್ಟಲೆ ತಡ ಮಾಡಿ ಬಂದೋರನ್ನ ನೋಡಿದೀನಿ, ಹೊಟ್ಟೆ ಉರಿಯುತ್ತೆ.

ಅಕ್ಕ, ಪೂಜೆ ಬಿಡಿ ಅಂತ ಒಳ್ಳೇ ಡಾಕ್ಟರ್ ಯಾರೂ ಹೇಳಲ್ಲ. ಇದಕ್ಕಿರೋ ಥೆರಪಿಲಿ ಮಾಡ್ಸೋದು ಇಷ್ಟೇ, ಯೋಚನೆ ಬಂದ್ರೆ ಬರ್ಲಿ, ದೀಪ ಉರೀತಾನೇ ಇರ್ಲಿ, ನೀವು ಮೊದಲಿಂದ ಶುರು ಮಾಡ್ಬೇಡಿ. ಎದೆ ಡವಡವ ಅನ್ನುತ್ತೆ, ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತೆ, ದಿನಾ ಮಾಡ್ತಾ ಮಾಡ್ತಾ ಆ ಭಯ ಸವೆಯುತ್ತೆ. ಅಜ್ಜಿ ಹೇಗೆ ಮಾಡ್ತಿದ್ರು, ಎಷ್ಟು ಹೊತ್ತಲ್ಲಿ ಮುಗಿಸ್ತಿದ್ರು ನೆನಪು ಮಾಡ್ಕೊಳ್ಳಿ, ಅದೇ ಅಳತೆ. ಅದಕ್ಕಿಂತ ಮೇಲೆ ಇರೋದನ್ನ ಮಾಡಿಸ್ತಿರೋದು ಕಾಯಿಲೆ. ಮಾತ್ರೆ ಕೊಟ್ರೆ ಎರಡೇ ವಾರಕ್ಕೆ ನಿಲ್ಲಿಸ್ಬೇಡಿ, ಓಸಿಡಿಗೆ ಗುಣ ಕಾಣೋಕೆ 8ರಿಂದ 12 ವಾರ ಬೇಕಾಗುತ್ತೆ. ಹೆರಿಗೆ ಆದ್ಮೇಲೆ ಇದು ಶುರು ಆಗೋದು ತುಂಬ ಜನರಲ್ಲಿದೆ, ಮಗುಗೆ ಹಾಲು ಕೊಡ್ತಿದ್ರೆ ಅದನ್ನ ಡಾಕ್ಟರಿಗೆ ಮೊದಲೇ ಹೇಳಿ. ಬೆಂಗಳೂರಿನ ನಿಮ್ಹಾನ್ಸಲ್ಲಿ ಓಸಿಡಿಗೇ ಬೇರೆ ಕ್ಲಿನಿಕ್ ಇದೆ, ದೂರ ಅನ್ಸಿದ್ರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಹಳೇ ಕ್ಯಾಷಿಯರ್:
ಸಿಸ್ಟರ್ ಹೇಳಿದ್ದು ನಿಜ. ನಾನು ಈಗ ಒಂದೇ ಸಲ ಎಣಿಸ್ತೀನಿ, ಕೊಡ್ತೀನಿ. ಪ್ರಾಮಾಣಿಕತೆ ಬಿಟ್ಟಿಲ್ಲ. ಆದ್ರೆ ಮೊದಲು ಲೆಕ್ಕ ತಪ್ಪಿದ ಹುಡುಗರ ಮೇಲೆ ರೇಗ್ತಿದ್ದೆ, ಈಗ ಪಕ್ಕ ಕೂರಿಸ್ಕೊಂಡು ನೋಡ್ತೀನಿ. ಅದು ಈ ಕಾಯಿಲೆ ಆದ್ಮೇಲೆ ಬಂದ ಬುದ್ಧಿ.

ತುಂಗೆದಡ:
ಐದು ದಿನ ಆಯ್ತು, ಬಂದು ಹೇಳೋಣ ಅನ್ನಿಸ್ತು. ಅಜ್ಜಿ ಮಂತ್ರದ ಮಧ್ಯೆನೇ ಬೆಕ್ಕಿಗೆ ಹಚಾ ಅಂತಿದ್ರು, ಹಾಲು ಉಕ್ಕುತ್ತೆ ನೋಡೇ ಅಂತಿದ್ರು, ಮತ್ತೆ ಬಿಟ್ಟಲ್ಲಿಂದಾನೇ ಮುಂದುವರೆಸ್ತಿದ್ರು. ಅದು ನೆನಪಾಗಿ ಎಷ್ಟೋ ದಿನ ಆದ್ಮೇಲೆ ನಕ್ಕೆ. 14416ಕ್ಕೆ ಮಾಡ್ದೆ, ಯಜಮಾನರಿಗೂ ಹೇಳ್ದೆ, ಗುರುವಾರ ಡಾಕ್ಟರ್ ಹತ್ರ ಹೋಗ್ತಿದೀವಿ. ಇವತ್ತು ಬೆಳಿಗ್ಗೆ ಆ ಮಾತು ಬಂತು, ಕೈ ನಡುಗ್ತಾ ಇತ್ತು, ದೀಪ ಶಾಂತ ಮಾಡ್ಲಿಲ್ಲ. ಸಂಜೆ ಆಗ್ಲಿಲ್ಲ, ಎರಡು ಸಲ ಮೊದಲಿಂದ ಮಾಡ್ದೆ. ಮಗಳ ಡಬ್ಬಿಗೆ ಚಿತ್ರಾನ್ನ ಮಾತ್ರ ಟೈಮಿಗೆ ಆಯ್ತು. ಅತ್ತೆಗೆ ಹೇಗೆ ಹೇಳೋದು ಅಂತ ಯಾರಾದ್ರೂ ಹೇಳ್ತೀರಾ?