ರಿಮೋಟ್ ವಿಮಾನದ ರೇಂಜ್ ಸಾಲುತ್ತಿಲ್ಲ, ಬೂಸ್ಟರ್ ಹಾಕಿಸಬಹುದಾ?

ಕೇಳಿದವರು, ಜಮಖಂಡಿ ಕಡೆಯಿಂದ

ಎಲ್ಲರಿಗೂ ನಮಸ್ಕಾರ. ಫೋಮ್ ಶೀಟಿನಲ್ಲಿ ಮಾಡಿದ ವಿಮಾನ ಇದೆ, ರೆಕ್ಕೆ ಒಂದು ಮೀಟರ್. ಆರು ಚಾನೆಲ್‌ನ ಸಾಮಾನ್ಯ 2.4 ಗಿಗಾಹರ್ಟ್ಸ್ ರಿಮೋಟ್. ಇನ್ನೂರು ಮೀಟರ್ ದಾಟಿದರೆ ಸಾಕು, ಕಂಟ್ರೋಲ್ ಹೋಗುತ್ತದೆ. ಹೋದ ವಾರ ಕಬ್ಬಿನೊಳಗೆ ಬಿತ್ತು, ಹುಡುಕಿ ಹುಡುಕಿ ಸಾಕಾಯಿತು. ರಿಮೋಟಿನ ಸಿಗ್ನಲ್ ಜೋರು ಮಾಡುವ 2 ವ್ಯಾಟ್ ಬೂಸ್ಟರ್ ಆನ್‌ಲೈನಿನಲ್ಲಿ ಸಿಗುತ್ತದೆ. ಹಾಕಿಸಬಹುದಾ? ಬಳಸಿದವರು ಹೇಳಿ.

ಬೆಳಗಾವಿಯಿಂದ

ಬೂಸ್ಟರ್ ವಿಷಯ ಕೊನೆಗೆ ನೋಡೋಣ ಸರ್. ನಾನು ನೋಡಿದ ವಿಮಾನಗಳಲ್ಲಿ ರೇಂಜ್ ಹಾಳಾಗುವುದು ಕೈಯಲ್ಲಿರುವ ರಿಮೋಟಿನಿಂದಲ್ಲ, ವಿಮಾನದ ಹೊಟ್ಟೆಯೊಳಗಿನ ವಯರಿಂಗಿನಿಂದ.

ವಿಮಾನದೊಳಗೆ ಸಿಗ್ನಲ್ ಹಿಡಿಯುವ ರಿಸೀವರಿನಿಂದ ಹೊರಬರುವ ವಯರ್ ಇದೆಯಲ್ಲ, ಅದರ ಪೂರ್ತಿ ಉದ್ದ ಆಂಟೆನಾ ಅಲ್ಲ. ತುದಿಯಲ್ಲಿ ತೆಳ್ಳಗೆ ಕಾಣುವ ಸುಮಾರು 31 ಮಿಲಿಮೀಟರ್ ಮಾತ್ರ ಆಂಟೆನಾ. 2.4 ಗಿಗಾಹರ್ಟ್ಸ್‌ನ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್, ಅದರ ಕಾಲು ಭಾಗ ಇದು. ಉಳಿದ ದಪ್ಪ ವಯರ್ ಬರೀ ಸಿಗ್ನಲ್ ಸಾಗಿಸುತ್ತದೆ. ಆ 31 ಮಿಲಿಮೀಟರ್ ನೇರವಾಗಿರಬೇಕು. ಬ್ಯಾಟರಿ, ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್), ಮೋಟಾರಿನ ವಯರುಗಳಿಂದ ದೂರ ಇರಬೇಕು. ರೆಕ್ಕೆಯಲ್ಲಿ ಕಾರ್ಬನ್ ಕಡ್ಡಿ ಇದ್ದರೆ ಅದರ ಪಕ್ಕಕ್ಕಂತೂ ಅಂಟಿಸಲೇಬೇಡಿ, ಕಾರ್ಬನ್ ಸಿಗ್ನಲ್ಲನ್ನು ತಡೆಯುತ್ತದೆ. ರಿಸೀವರಿಗೆ ಎರಡು ಆಂಟೆನಾ ಇದ್ದರೆ ಒಂದನ್ನು ಅಡ್ಡ, ಒಂದನ್ನು ಉದ್ದ, ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ಇಡಿ. ವಿಮಾನ ಹೇಗೆ ತಿರುಗಿದರೂ ಒಂದಾದರೂ ಹಿಡಿಯಲಿ ಅಂತಲೇ ಎರಡು ಕೊಟ್ಟಿರುವುದು. ಎರಡನ್ನೂ ಒಂದೇ ದಿಕ್ಕಿಗೆ ಟೇಪ್ ಹಚ್ಚಿದರೆ ಎರಡನೆಯದು ಇದ್ದೂ ಇಲ್ಲದ ಹಾಗೆ.

ಇನ್ನು ರಿಮೋಟಿನ ಆಂಟೆನಾ. ಉದ್ದಿನ ವಡೆಯ ತೂತಿಗೆ ಕಡ್ಡಿ ತೂರಿಸಿದ್ದೀರಿ ಅಂದುಕೊಳ್ಳಿ. ಕಡ್ಡಿ ಆಂಟೆನಾ, ವಡೆ ಸಿಗ್ನಲ್. ಕಡ್ಡಿಯ ತುದಿಯ ಕಡೆ ಏನೂ ಇಲ್ಲ, ಅಲ್ವಾ? ಆದರೂ ತುದಿಯನ್ನು ವಿಮಾನದತ್ತ ಗುರಿಯಿಟ್ಟು ಹಿಡಿಯುವವರೇ ಜಾಸ್ತಿ. ಆಂಟೆನಾದ ಮಗ್ಗುಲು ವಿಮಾನದ ಕಡೆ ಇರುವ ಹಾಗೆ ಮಡಚಿ ಹಿಡಿಯಿರಿ.

ಇನ್ನೊಂದು ಅನುಮಾನ. ಕಂಟ್ರೋಲ್ ಹೋಯಿತು ಅಂದರೆ ಸಿಗ್ನಲ್ಲೇ ಹೋಗಿದೆ ಅಂತ ಅಲ್ಲ. ಇಎಸ್‌ಸಿ ಒಳಗಿನ ಬಿಇಸಿ ಎಂಬ ಭಾಗ ರಿಸೀವರಿಗೂ, ರೆಕ್ಕೆ-ಬಾಲದ ಪಟ್ಟಿ ಆಡಿಸುವ ಸಣ್ಣ ಮೋಟಾರುಗಳಾದ ಸರ್ವೋಗಳಿಗೂ 5 ವೋಲ್ಟ್ ಕೊಡುತ್ತದೆ. ಅಗ್ಗದ ಬಿಇಸಿ ಆದರೆ ಎಲ್ಲ ಸರ್ವೋ ಒಟ್ಟಿಗೆ ಎಳೆದಾಗ ವೋಲ್ಟೇಜ್ ಕುಸಿದು ರಿಸೀವರ್ ರೀಸ್ಟಾರ್ಟ್ ಆಗುತ್ತದೆ. ಆ ಒಂದೆರಡು ಸೆಕೆಂಡಿನಲ್ಲಿ ವಿಮಾನ ನೆಲ ಮುಟ್ಟಿರುತ್ತದೆ. ಪ್ರೊಪೆಲ್ಲರ್ ಬಿಚ್ಚಿ, ನೆಲದ ಮೇಲಿಟ್ಟು, ಎರಡೂ ಸ್ಟಿಕ್ಕನ್ನು ಜೋರಾಗಿ ಅಲ್ಲಾಡಿಸಿ ನೋಡಿ. ರಿಸೀವರ್ ಲೈಟ್ ಮಿಣುಕಿದರೆ ನಿಮ್ಮದು ರೇಂಜಿನ ಸಮಸ್ಯೆಯೇ ಅಲ್ಲ, ಯುಬಿಇಸಿ, ಅಂದರೆ ಪ್ರತ್ಯೇಕ ಬಿಇಸಿ ಹಾಕಿ. ಪ್ರತಿ ಸಲ ಅದೇ ದೂರಕ್ಕೆ ಹೋಗುತ್ತದಾ, ಜೋರಾಗಿ ತಿರುಗಿಸಿದಾಗ ಹೋಗುತ್ತದಾ, ಇಷ್ಟು ಗಮನಿಸಿದರೆ ಅರ್ಧ ಉತ್ತರ ಸಿಕ್ಕಿತು.

ಮುಧೋಳದಿಂದ

ನಿಮ್ಮ ಶತ್ರು ಕಬ್ಬು ನೋಡ್ರಿ. ಹಸಿ ಎಲೆಯಲ್ಲಿ ನೀರಿನಂಶ ಜಾಸ್ತಿ, 2.4 ಗಿಗಾಹರ್ಟ್ಸ್ ಅಲೆ ಅದರಲ್ಲೇ ಸೊರಗುತ್ತದೆ. ವಿಮಾನ ಕಣ್ಣಿಗೆ ಕಂಡರೆ ಸಾಲದು. 300 ಮೀಟರ್ ದೂರಕ್ಕೆ ನಡುವಿನಲ್ಲಿ ಆ ನೋಟದ ಗೆರೆಯ ಸುತ್ತ ಸುಮಾರು 3 ಮೀಟರ್ ಖಾಲಿ ಇರಬೇಕು. ಆಳೆತ್ತರ ಮೀರಿದ ಕಬ್ಬಿನ ಬದುವಿನಲ್ಲಿ ನಿಂತು ಕೆಳಗೆ ಹಾರಿಸಿದರೆ ಅದು ಎಲ್ಲಿಂದ ಸಿಗಬೇಕು? ಟ್ರಾಲಿ ಮೇಲೋ ಕಾಲುವೆ ಏರಿ ಮೇಲೋ ನಿಂತುಕೊಳ್ಳಿ. ಬಿಡಿಗಾಸು ಖರ್ಚಿಲ್ಲ. ನಾನು ಕೃಷಿ ಹೊಂಡದಲ್ಲಿ ಬೋಟ್ ಓಡಿಸುತ್ತೇನೆ, ಅಲ್ಲೂ ಇದೇ ಕಥೆ. ರಿಸೀವರಿನ ವಯರನ್ನು ಜ್ಯೂಸ್ ಸ್ಟ್ರಾದಲ್ಲಿ ತೂರಿಸಿ ನೆಟ್ಟಗೆ ನಿಲ್ಲಿಸಿದ್ದಕ್ಕೇ ಆಚೆ ದಡ ಮುಟ್ಟಿತು.

ವಿಜಯಪುರದಿಂದ

ತಿಕೋಟಾ ಕಡೆ ದ್ರಾಕ್ಷಿ ತೋಟದ ಪಕ್ಕ ಹಾರಿಸುವವರಿಗೆ ಕಬ್ಬಿನ ಬದಲು ಕಬ್ಬಿಣದ ತಂತಿ ಮತ್ತು ಆ್ಯಂಗಲ್ ಕಾಟ. ಅದಿರಲಿ, ಬೂಸ್ಟರ್ ಲೆಕ್ಕ ಹೇಳುತ್ತೇನೆ.

ದೂರ ಎರಡು ಪಟ್ಟು ಬೇಕಾದರೆ ಪವರ್ ನಾಲ್ಕು ಪಟ್ಟು ಬೇಕು. ರಿಮೋಟ್ 100 ಮಿಲಿವ್ಯಾಟ್ ಅಂತ ಇಟ್ಟುಕೊಂಡರೆ 2 ವ್ಯಾಟ್ ಅಂದರೆ ಇಪ್ಪತ್ತು ಪಟ್ಟು. ಕಾಗದದ ಮೇಲೆ ದೂರ ನಾಲ್ಕೂವರೆ ಪಟ್ಟು ಆಗಬೇಕು. ಆದರೆ ಈಗಿನ ಎಷ್ಟೋ ಸೆಟ್ಟುಗಳಲ್ಲಿ ರಿಸೀವರ್ ಕೂಡ ತಿರುಗಿ ಮಾತಾಡುತ್ತದೆ, ಬ್ಯಾಟರಿ ವೋಲ್ಟೇಜ್ ಕಳಿಸುತ್ತದೆ. ಆ ಕಡೆಯಿಂದ ಬರುವ ಸಿಗ್ನಲ್ ದೊಡ್ಡದಾಗುವುದಿಲ್ಲ. ಒಮ್ಮುಖದ ಅಗ್ಗದ ಬೂಸ್ಟರ್ ಅದನ್ನು ಪೂರ್ತಿ ತಡೆದೂ ಬಿಡಬಹುದು.

ಕಾನೂನೂ ಇದೆ. 2005ರ ನಿಯಮದ ಪ್ರಕಾರ ಲೈಸೆನ್ಸ್ ಇಲ್ಲದೆ 2.4 ಗಿಗಾಹರ್ಟ್ಸ್‌ನಲ್ಲಿ ಆಂಟೆನಾ ಗೇನ್ (ಆಂಟೆನಾ ಒಂದು ದಿಕ್ಕಿಗೆ ಸಿಗ್ನಲ್ ಹೆಚ್ಚಿಸುವ ಪ್ರಮಾಣ, ಅಳೆಯುವುದು ಡಿಬಿಐನಲ್ಲಿ) ಸೇರಿಸಿ 4 ವ್ಯಾಟ್ ಮಿತಿ. 2 ವ್ಯಾಟಿಗೆ 5 ಡಿಬಿಐ ಆಂಟೆನಾ ಸಿಕ್ಕಿಸಿದರೆ 6 ವ್ಯಾಟ್ ದಾಟಿತು. ನನ್ನ ಪ್ರಕಾರ ದುಡ್ಡೂ ದಂಡ.

ನಿಜವಾಗಿ ದೂರ ಬೇಕಿದ್ದರೆ ಆ ದುಡ್ಡು ಕೂಡಿಟ್ಟು ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಎಂಬ ದೂರದ ರೇಡಿಯೊ ವ್ಯವಸ್ಥೆ ಇರುವ ರಿಮೋಟ್ ತಗೊಳ್ಳಿ. ರಿಸೀವರೂ ಅದರದ್ದೇ ಬೇಕು. ಅದು ಲೋರಾ ಪದ್ಧತಿ ಬಳಸುತ್ತದೆ, ಬಹಳ ಕ್ಷೀಣ ಸಿಗ್ನಲ್ಲನ್ನೂ ಓದುತ್ತದೆ. ಅದಕ್ಕೇ 100 ಮಿಲಿವ್ಯಾಟಿನಲ್ಲೇ ಬಯಲಿನಲ್ಲಿ ಕಿಲೋಮೀಟರುಗಟ್ಟಲೆ ಹೋಗುತ್ತದೆ. ತಗೊಳ್ಳುವಾಗ 2.4 ನೋಡಿ. 915 ಮೆಗಾಹರ್ಟ್ಸ್‌ನದು ಅಗ್ಗಕ್ಕೆ ಸಿಕ್ಕರೂ ಬೇಡ. ನಮ್ಮಲ್ಲಿ 890ರಿಂದ 915ರವರೆಗೆ ಮೊಬೈಲ್ ಫೋನುಗಳ ಜಾಗ. ಕೆಳಗಿನ ಬ್ಯಾಂಡೇ ಬೇಕಾದರೆ ಭಾರತಕ್ಕೆ 866ರ ಸೆಟಿಂಗ್ ಅದರಲ್ಲೇ ಇದೆ.

ಮಕ್ಕಳ 27 ಮೆಗಾಹರ್ಟ್ಸ್ ಕಾರಿನ ಬಗ್ಗೆಯೂ ಎಷ್ಟೋ ಜನ ಕೇಳುತ್ತಾರೆ. ಅದರ ಅಲೆ 11 ಮೀಟರ್ ಉದ್ದ. ಅದಕ್ಕೇ ರಿಮೋಟಿನ ಆಂಟೆನಾ ಕಡ್ಡಿಯನ್ನು ಪೂರ್ತಿ ಎಳೆದು ಹಿಡಿಯಿರಿ, ಹೊಸ ಸೆಲ್ ಹಾಕಿ, ಅಷ್ಟೇ.

ಬೆಳಗಾವಿಯಿಂದ ಮತ್ತೆ

ಒಂದು ಮಾತು ಬಿಟ್ಟಿದ್ದೆ. ಫೇಲ್‌ಸೇಫ್ ಸೆಟ್ ಮಾಡಿದ್ದೀರಾ? ಸಿಗ್ನಲ್ ಹೋದ ತಕ್ಷಣ ಥ್ರಾಟಲ್, ಅಂದರೆ ಮೋಟಾರಿನ ವೇಗ, ಸೊನ್ನೆಗೆ ಬರಬೇಕು. ಇಲ್ಲದಿದ್ದರೆ ವಿಮಾನ ಮೋಟಾರ್ ತಿರುಗಿಸುತ್ತಲೇ ಯಾರದೋ ಹೊಲಕ್ಕೆ, ಇಲ್ಲ ಯಾರದೋ ತಲೆಗೆ.

ದೂರ ಅಂತ ಸುಮ್ನೆ ಆಸೆ ಪಡುತ್ತೇವೆ. ಒಂದು ಮೀಟರ್ ರೆಕ್ಕೆಯ ವಿಮಾನ 400 ಮೀಟರಿನಲ್ಲಿ ಬರುತ್ತಿದೆಯೋ ಹೋಗುತ್ತಿದೆಯೋ ಅಂತಲೇ ಗೊತ್ತಾಗುವುದಿಲ್ಲ. ಎತ್ತರಕ್ಕೂ ಮಿತಿ ಇದೆ. 2021ರ ಡ್ರೋನ್ ನಿಯಮದಲ್ಲಿ ಹಸಿರು ವಲಯಕ್ಕೆ, ಅಂದರೆ ಹಾರಿಸಲು ಅನುಮತಿ ಬೇಡದ ಜಾಗಕ್ಕೆ, 400 ಅಡಿ. ನಮ್ಮ ಸಾಂಬ್ರಾ ವಿಮಾನ ನಿಲ್ದಾಣದಿಂದ 8 ಕಿಲೋಮೀಟರ್ ಒಳಗೆ ಅನುಮತಿ ಇಲ್ಲದೆ ಎತ್ತುವಂತೆಯೇ ಇಲ್ಲ, 8ರಿಂದ 12ರವರೆಗೆ 200 ಅಡಿ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಊರು ನೋಡಿಕೊಳ್ಳಿ.

ಕೇಳಿದವರು

ರಿಸೀವರ್ ತೆಗೆದು ನೋಡಿದೆ ಅಣ್ಣಾರೇ. ಒಂದು ಆಂಟೆನಾದ ತುದಿ ಇಲಿ ಕಡಿದಿದೆ, ಅರ್ಧದಷ್ಟೇ ಉಳಿದಿದೆ! ಬೇರೆ ವಯರ್ ಬೆಸುಗೆ ಹಾಕಲಾ?

ಬೆಳಗಾವಿಯಿಂದ

ಸಿಕ್ಕಿಬಿದ್ದ ಕಳ್ಳ! ಸಾದಾ ವಯರ್ ಬೆಸುಗೆ ಹಾಕಬೇಡಿ. ಉಳಿದ ದಪ್ಪ ವಯರಿನ ಮೇಲಿನ ಸಿಪ್ಪೆ ಮತ್ತು ಅದರೊಳಗಿನ ಜಾಲರಿಯನ್ನು ಬ್ಲೇಡಿನಿಂದ ಹುಷಾರಾಗಿ ಬಿಡಿಸಿ. ಒಳಗಿನ ವಯರ್, ಅದರ ಬಿಳಿ ಹೊದಿಕೆ ಸಮೇತ, 31 ಮಿಲಿಮೀಟರ್ ಹೊರಗೆ ಬಂದರೆ ಸಾಕು. ಸ್ಕೇಲ್ ಇಟ್ಟು ಅಳೆಯಿರಿ. ಕೈ ನಡುಗುತ್ತದೆ ಅನಿಸಿದರೆ ಹೊಸ ಆಂಟೆನಾ ತರಿಸಿ, ಬೆಲೆ ಜಾಸ್ತಿ ಇಲ್ಲ. ಆದರೆ ಕನೆಕ್ಟರ್ ಐಪೆಕ್ಸ್ 1ಓ 4ಓ ನೋಡಿಕೊಂಡು ತರಿಸಿ, ಒಂದಕ್ಕೊಂದು ಕೂರುವುದಿಲ್ಲ. ಆಮೇಲೆ ರಿಮೋಟನ್ನು ರೇಂಜ್ ಚೆಕ್ ಮೋಡಿಗೆ ಹಾಕಿ. ಪವರ್ ತಗ್ಗುತ್ತದೆ. ಮೋಟಾರ್ ಓಡುತ್ತಿರುವಾಗ ಯಾರಾದರೂ ವಿಮಾನ ಹಿಡಿದಿರಲಿ, ನೀವು ಮೂವತ್ತು ಹೆಜ್ಜೆ ದೂರ ಹೋಗಿ ಎಲ್ಲ ಸರ್ವೋ ಆಡಿಸಿ ನೋಡಿ.